ಬರೆಸಿದ ಕಿಟಕಿ

ಚಳಿಗಾಲದ ಬೆಳಗುಗಳಲ್ಲಿ ಕಡಲಾಚೆಯ ಈ ಕೆನ್ಮೋರಿನ ನಮ್ಮ ಮನೆಯ ಅಡುಗೆಮನೆ ಕಿಟಕಿ ಬೆವರುತ್ತದೆ. ಹೊರಗೆ ಸರೋವರದಿಂದೆದ್ದ ಮಂಜು, ಒಳಗೆ ಇಡ್ಲಿ ಪಾತ್ರೆಯಿಂದೆದ್ದ ಹಬೆ. ಇವೆರಡರ ನಡುವೆ ಸಿಕ್ಕಿಕೊಂಡ ಬಡಪಾಯಿ ಗಾಜು ಯಾರ ಪಕ್ಷವನ್ನೂ ವಹಿಸಲಾರದೆ ಹನಿಹನಿಯಾಗಿ ಇಳಿಯತೊಡಗುತ್ತದೆ. ಹಳೆಯ ಪಂಚೆಯ ತುಂಡೊಂದನ್ನು ನಾನು ಅದಕ್ಕೆಂದೇ ಇಟ್ಟುಕೊಂಡಿದ್ದೇನೆ. ಒರೆಸಿದ ಕೂಡಲೇ ಹೊರಗಿನ ದೇವದಾರು, ಪಕ್ಕದ ಮನೆಯವರು ಕವಚಿಟ್ಟ ದೋಣಿ, ಸೀಸದ ಬಣ್ಣದ ನೀರು ಒಂದೊಂದಾಗಿ ಬಂದು ನಿಲ್ಲುತ್ತವೆ. ಒಲೆಯ ಕಡೆಗೊಮ್ಮೆ ತಿರುಗಿ ಮತ್ತೆ ನೋಡುವಷ್ಟರಲ್ಲಿ ಮರಳಿ ಮರೆಯಾಗಿರುತ್ತವೆ. ಕಿಟಕಿ ಎಂದರೆ ನೋಡುವುದಕ್ಕಾಗಿ ಇರುವ ವಸ್ತು ಎಂದು ನಾವು ಸುಲಭವಾಗಿ ಹೇಳಿಬಿಡುತ್ತೇವೆ, ಗೆಳೆಯರೇ. ಮರೆಮಾಡುವುದಕ್ಕೂ ಅದು ಅಷ್ಟೇ ಸಮರ್ಥವಾದದ್ದೆಂಬುದು ನನಗೆ ತಿಳಿದದ್ದು ತೀರ ತಡವಾಗಿ; ತಿಳಿದ ಬಗೆ ಇವತ್ತಿಗೂ ನನ್ನನ್ನು ದಂಗುಬಡಿಸುತ್ತದೆ.

ನಮ್ಮ ಸಂಸ್ಕೃತಿ ಬಾಗಿಲಿಗೆ ತೋರಿದ ಗೌರವವನ್ನು ಕಿಟಕಿಗೆ ತೋರಲಿಲ್ಲ. ಬಾಗಿಲಿಗೆ ಹೊಸ್ತಿಲಿದೆ, ತೋರಣವಿದೆ, ಅರಿಸಿನ ಕುಂಕುಮವಿದೆ. ಅದನ್ನು ದಾಟುವುದಕ್ಕೆ ಬಲಗಾಲು ಎಡಗಾಲುಗಳ ಶಾಸ್ತ್ರವಿದೆ. ಕಿಟಕಿಗೆ ಇವು ಯಾವುವೂ ಇಲ್ಲ. ಬಹುಶಃ ಅದರಲ್ಲಿ ದೇಹ ಹಾಯುವುದಿಲ್ಲ, ಕಣ್ಣು ಮಾತ್ರ ಹಾಯುತ್ತದೆ ಎಂಬ ಕಾರಣಕ್ಕೆ ಇರಬೇಕು. ಆದರೆ ಹೆಸರಿಡುವಾಗ ಮಾತ್ರ ಹಿರಿಯರು ಧಾರಾಳಿಗಳಾಗಿದ್ದರು: ಗಾಳಿ ಬರುವ ದಾರಿಯೆಂದು ವಾತಾಯನ, ಹಸುವಿನ ಕಣ್ಣಿನಂತಿದೆಯೆಂದು ಗವಾಕ್ಷ, ಬೆಳಕಿಗೊಂದು ಕಂಡಿಯೆಂದು ಬೆಳಕಂಡಿ. ಇಷ್ಟೊಂದು ಹೆಸರುಗಳಲ್ಲಿ ಒಂದಾದರೂ ಒಳಗಿರುವವರನ್ನು ಕುರಿತು ಹೇಳುವುದಿಲ್ಲ ಎಂಬುದನ್ನು ನಾನು ಅಂದು ಗಮನಿಸಿರಲಿಲ್ಲ.

ಅಂದು, ಎಂದರೆ ಈ ಶತಮಾನ ಇನ್ನೂ ಹಾಲುಹಲ್ಲಿನ ಮಗುವಾಗಿದ್ದ ವರ್ಷಗಳಲ್ಲಿ, ನಮ್ಮ ಕನ್ನಡ ಬಳಗದವರು ಯುಗಾದಿಯ ಸಮಾರಂಭಕ್ಕೆ ಹಳೆಯ ಕುಟುಂಬಚಿತ್ರಗಳ ಪ್ರದರ್ಶನವೊಂದನ್ನು ಏರ್ಪಡಿಸುವ ಹೊಣೆಯನ್ನು ನನಗೆ ವಹಿಸಿದರು. ನನ್ನ ಹೆಸರು ಅವರಿಗೆ ನೆನಪಾಗಲು ಕಾರಣ ನನ್ನ ಕಲಾಜ್ಞಾನವಲ್ಲ. ನನಗೆ ಕೊಟ್ಟರೆ ಯಾವ ವಿಷಯದಲ್ಲೂ ಸಮಾಜಸುಧಾರಣೆಯ ಒಂದು ಎಳೆಯನ್ನು ಹಿಡಿದು ಎಳೆದೇ ಎಳೆಯುತ್ತೇನೆಂಬ ಖ್ಯಾತಿ. ಮೈಸೂರಿನ ಕಾಲೇಜಿನಲ್ಲಿ ಚರ್ಚಾಸ್ಪರ್ಧೆಗಳಲ್ಲಿ ಪಳಗಿದವಳು ನಾನು. ಪರವಾಗಿಯೂ ವಿರೋಧವಾಗಿಯೂ ಮಾತನಾಡಲು ಸಿದ್ಧಳಾಗಿರಬೇಕು, ಎದುರಾಳಿ ಬಾಯಿ ತೆರೆಯುವ ಮೊದಲೇ ಅವನ ವಾದವನ್ನು ಊಹಿಸಿಟ್ಟುಕೊಂಡಿರಬೇಕು ಎಂದು ನಮ್ಮ ಅಧ್ಯಾಪಕರು ಕಲಿಸಿದ್ದರು. ಆ ಕಲಿಕೆ ಕಡಲು ದಾಟಿದ ಮೇಲೂ ಬಿಡಲಿಲ್ಲ. ಇಲ್ಲಿನ ಹೆಣ್ಣುಮಕ್ಕಳ ಆಶ್ರಯಧಾಮಕ್ಕಾಗಿ, ಹೊಸದಾಗಿ ಬಂದ ಸೊಸೆಯಂದಿರಿಗೆ ಕಾರು ಕಲಿಸುವುದಕ್ಕಾಗಿ, ಸತ್ಯನಾರಾಯಣ ಪೂಜೆಯ ಊಟದ ಎಲೆಯ ಮುಂದೆಯೂ ನಾನು ವಾದ ಹೂಡಿದ್ದೇನೆ. ನಮ್ಮ ಬಳಗದಲ್ಲಿ ನಾನು ಎದ್ದು ನಿಂತರೆ ಕೆಲವರು ಗಡಿಯಾರ ನೋಡಿಕೊಳ್ಳುತ್ತಾರೆ.

ಪ್ರದರ್ಶನಕ್ಕೆ ನಾನು ಆರಿಸಿಕೊಂಡ ಸೂತ್ರ ಕಿಟಕಿ. ಹತ್ತೊಂಬತ್ತನೆಯ ಶತಮಾನದ ಭಾವಚಿತ್ರಗಳನ್ನು ನೀವೂ ನೋಡಿರುತ್ತೀರಿ. ಗಂಡಸರ ಪಕ್ಕದಲ್ಲಿ ಒಂದು ಕಂಬ, ಅಥವಾ ದಪ್ಪನೆಯ ಪುಸ್ತಕ. ಹೆಂಗಸರ ಪಕ್ಕದಲ್ಲಿ ಕಿಟಕಿ. ಗಂಡಸು ಲೋಕವನ್ನು ಹೊತ್ತಿರುವವನು, ಹೆಂಗಸು ಲೋಕವನ್ನು ಒಳಗಿನಿಂದ ನೋಡುವವಳು ಎಂಬುದು ಅದರ ಮೊದಲ ಅರ್ಥ. ಆದರೆ ನನ್ನ ವಾದ ಇದಕ್ಕಿಂತ ಮುಂದೆ ಹೋಗುತ್ತಿತ್ತು. ಕಿಟಕಿಯ ಬಳಿ ಕುಳಿತವಳು ಯೋಚಿಸಬಲ್ಲವಳು, ಕಾಯಬಲ್ಲವಳು, ಹೊರಗೊಂದು ಬದುಕಿದೆಯೆಂದು ಬಲ್ಲವಳು. ಆದ್ದರಿಂದ ಚಿತ್ರದ ಕಿಟಕಿ ಎಂದರೆ ಹೊಸ ಯುಗದ ಬೆಳಕು, ವಿದ್ಯೆಯ ಮುನ್ಸೂಚನೆ ಎಂದು ನಾನು ಬರೆದಿಟ್ಟಿದ್ದೆ. ಈ ಕಿಟಕಿಗಳಲ್ಲಿ ಬಹುಪಾಲು ಹಿನ್ನೆಲೆಗೆ ಇಳಿಬಿಟ್ಟ ಬಟ್ಟೆಯ ಮೇಲೆ ಬರೆದವು ಎಂಬುದು ನನಗೆ ತಿಳಿಯದ್ದೇನಲ್ಲ. ಅಂದಿನ ಸ್ಟುಡಿಯೋದ ನಿಜವಾದ ಕಿಟಕಿ ಗಾಜಿನ ಮಾಡಿನಲ್ಲೋ ಪಕ್ಕದ ಗೋಡೆಯಲ್ಲೋ ಇರುತ್ತಿತ್ತು. ಮುಖಗಳಿಗೆ ಬೆಳಕು ಕೊಟ್ಟು, ತಾನು ಚಿತ್ರದಲ್ಲಿ ಕಾಣಿಸಿಕೊಳ್ಳದೆ ಉಳಿಯುತ್ತಿತ್ತು. ಚಿತ್ರದೊಳಗೆ ಕಾಣುವ ಕಿಟಕಿಯಿಂದ ಒಂದು ಎಳೆ ಬೆಳಕೂ ಬಂದದ್ದಿಲ್ಲ. ಇದನ್ನು ನಾನು ಸ್ವಾರಸ್ಯವಾದ ಒಂದು ವಿರೋಧಾಭಾಸವೆಂದು ಭಾಷಣದ ನಡುವೆ ಪೋಣಿಸಿಕೊಂಡಿದ್ದೆನೇ ಹೊರತು, ಅದಕ್ಕೆ ಕಚ್ಚುವ ಹಲ್ಲೂ ಇರಬಹುದೆಂದು ಎಣಿಸಿರಲಿಲ್ಲ.

ಪ್ರದರ್ಶನದ ಮುಖ್ಯಚಿತ್ರವಾಗಿ ನಾನು ಆರಿಸಿದ್ದು ನನ್ನ ಗೆಳತಿ ಶೈಲಜಾಳ ಗಂಡನ ಮನೆತನದ್ದು. ಶೈಲಜಾ ಮತ್ತು ರಘುನಾಥ್ ಇಸ್ಸಾಕ್ವಾದ ಗುಡ್ಡದ ಮೇಲಿನ ಬಡಾವಣೆಯಲ್ಲಿದ್ದಾರೆ. ಅವರ ಹಜಾರದಲ್ಲಿ, ಕರಿಮರದ ಚೌಕಟ್ಟಿನೊಳಗೆ, ಅಂಗೈಗಿಂತ ತುಸು ದೊಡ್ಡದಾದ ಒಂದು ಚಿತ್ರವಿತ್ತು: ಮೈಸೂರಿನ ಯಾವುದೋ ಸ್ಟುಡಿಯೋದಲ್ಲಿ, ಹತ್ತೊಂಬತ್ತನೆಯ ಶತಮಾನದ ಕೊನೆಯ ವರ್ಷಗಳಲ್ಲಿ ತೆಗೆದದ್ದು. ಪೇಟ ಸುತ್ತಿ, ಉದ್ದನೆಯ ಕೋಟು ತೊಟ್ಟು ಕುಳಿತ ಮನೆಯ ಯಜಮಾನರು. ಪಕ್ಕದ ಕುರ್ಚಿಯಲ್ಲಿ ಮಡಿಲಲ್ಲಿ ಕೈಯಿಟ್ಟು ಕುಳಿತ ಅವರ ಪತ್ನಿ. ಯಜಮಾನರ ಹಿಂದೆ ನಿಂತ ಇಬ್ಬರು ಗಂಡುಮಕ್ಕಳು. ಪತ್ನಿಯ ಕುರ್ಚಿಯ ಹಿಂದೆ ಯಾರೂ ಇಲ್ಲ. ಅಲ್ಲಿ ಕಮಾನಿನ ಕಿಟಕಿ, ಕಿಟಕಿಯಾಚೆ ಒಂದು ನದಿ, ನದಿಯಾಚೆ ಗೋಪುರವೋ ಬೆಟ್ಟವೋ ತಿಳಿಯದ ಒಂದು ತಿಳಿಬೂದು ಆಕಾರ. ಅದನ್ನು ನೋಡಿದಾಗಲೆಲ್ಲ ನನ್ನ ಕಣ್ಣು ತಂಪಾಗುತ್ತಿತ್ತು. ಉಳಿದದ್ದೆಲ್ಲ ಬಿಗಿದುಕೊಂಡು ಕುಳಿತ ಆ ಚಿತ್ರದಲ್ಲಿ ಅದೊಂದೇ ಉಸಿರಾಡುವಂತೆ ತೋರುತ್ತಿತ್ತು. ‘ತೆರೆದ ಕಿಟಕಿ’ ಎಂದು ಪ್ರದರ್ಶನಕ್ಕೆ ಹೆಸರಿಟ್ಟದ್ದೂ ಅದನ್ನು ನೋಡಿಯೇ.

ಇದೇ ಹೊತ್ತಿಗೆ ಅವರ ಮನೆಯಲ್ಲಿ ಸಂಭ್ರಮವೂ ಕೂಡಿಬಂದಿತ್ತು. ಮಗಳು ಅನನ್ಯಳ ನಿಶ್ಚಿತಾರ್ಥ. ಇಲ್ಲಿಯೇ ಹುಟ್ಟಿ ಬೆಳೆದ ಹುಡುಗಿ. ಕನ್ನಡ ಒಂದಕ್ಷರ ಬಿಡದೆ ತಿಳಿಯುತ್ತದೆ, ಉತ್ತರ ಮಾತ್ರ ಇಂಗ್ಲಿಷಿನಲ್ಲಿ. ವರನ ಕಡೆಯವರು ಉಡುಪಿಯ ಮೂಲದವರು, ಸಜ್ಜನರು. ನಿಶ್ಚಿತಾರ್ಥದ ದಿನ ತೋರಿಸಲೆಂದು ಅನನ್ಯ ಮನೆಯ ಆಲ್ಬಂಗಳನ್ನೆಲ್ಲ ಹರಡಿಕೊಂಡು ಸ್ಲೈಡ್ ಷೋ ಒಂದನ್ನು ಸಿದ್ಧಪಡಿಸುತ್ತಿದ್ದಳು. ಅದರಲ್ಲಿ ಅವಳಿಗೆ ಮುಖ್ಯವಾಗಿ ಬೇಕಾಗಿದ್ದುದು ಅವಳ ಸೋದರತ್ತೆ ಸುಮಿತ್ರಾ ಅವರ ಚಿತ್ರ.

ಸುಮಿತ್ರಕ್ಕ ರಘುನಾಥರ ಅಕ್ಕ. ಮೈಸೂರಿನ ಹೈಸ್ಕೂಲಿನಲ್ಲಿ ಗಣಿತ ಕಲಿಸುತ್ತಿದ್ದವರು. ಮದುವೆಯಾಗಿ ಕೆಲವೇ ವರ್ಷಗಳಲ್ಲಿ ಗಂಡ ತೀರಿಕೊಂಡರು, ಮಕ್ಕಳಿರಲಿಲ್ಲ. ತಮ್ಮನಿಗೆ ಮಗಳು ಹುಟ್ಟಿದಂದಿನಿಂದ ಬೇಸಿಗೆರಜೆಯೆಂದೋ ಬಾಣಂತನವೆಂದೋ ಬಂದು ಹೋಗಿ ಮಾಡುತ್ತಲೇ ಇದ್ದರು, ನಿವೃತ್ತಿಯ ನಂತರ ಬಂದವರು ಹೆಚ್ಚುಕಡಿಮೆ ಇಲ್ಲಿಯವರೇ ಆಗಿಬಿಟ್ಟಿದ್ದರು. ಅನನ್ಯಳಿಗೆ ಜಡೆ ಹೆಣೆದವರು, ಮಗ್ಗಿ ಹೇಳಿಕೊಟ್ಟವರು, ಜ್ವರ ಬಂದಾಗ ಹಣೆಗೆ ಒದ್ದೆಬಟ್ಟೆ ಇಟ್ಟು ಕೂತವರು ಅವರು. ಅವರಿಗೊಂದು ಹವ್ಯಾಸವಿತ್ತು, ಹಾಗೆಂದು ನಾವೆಲ್ಲ ತಿಳಿದಿದ್ದೆವು: ಫೋಟೋ ತೆಗೆಯುವುದು. ಮನೆಯ ಯಾವ ಹಬ್ಬ ಹುಣ್ಣಿಮೆಯಾಗಲಿ ಕ್ಯಾಮೆರಾ ಅವರ ಕೈಯಲ್ಲಿ. ರೀಲಿನ ಕಾಲ ಮುಗಿದು ಡಿಜಿಟಲ್ ಬಂದಾಗ ಬಳಗದಲ್ಲಿ ಮೊದಲು ಕಲಿತವರೂ ಅವರೇ.

ಚಿತ್ರದ ದೊಡ್ಡ ಪ್ರತಿಯನ್ನು ಮುದ್ರಿಸಿಕೊಡುವ ಅಂಗಡಿ ಟಕ್ವಿಲಾ ಎಂಬ ಪಕ್ಕದ ಊರಿನಲ್ಲಿತ್ತು. ಅನನ್ಯಳೂ ಅಲ್ಲಿಯ ಮಾಲಿನಲ್ಲಿ ಏನೇನೋ ಕೊಳ್ಳಬೇಕಾಗಿತ್ತಾದ್ದರಿಂದ ಅವಳ ಕಾರಿನಲ್ಲೇ ಹೋದೆವು. ದಾರಿಯುದ್ದಕ್ಕೂ ಅವಳದು ಒಂದೇ ದೂರು. ಅಷ್ಟು ಆಲ್ಬಂ ತಿರುವಿದರೂ ಅತ್ತೆಯ ಒಂದು ಫೋಟೋ ಸಿಕ್ಕಲಿಲ್ಲವಂತೆ. ತನ್ನ ಹುಟ್ಟುಹಬ್ಬಗಳು, ಗ್ರಾಜುಯೇಷನ್, ಈ ಮನೆಯ ಗೃಹಪ್ರವೇಶ, ಎಲ್ಲದರಲ್ಲೂ ಅತ್ತೆ ಕ್ಯಾಮೆರಾದ ಹಿಂದೆಯೇ. ಅದಕ್ಕೆ ಈ ಸಲ ನಿಶ್ಚಿತಾರ್ಥದ ಗ್ರೂಪ್ ಫೋಟೋದಲ್ಲಿ ಅತ್ತೆ ತನ್ನ ಪಕ್ಕ ಇರಲೇಬೇಕು, ಅದೊಂದು ಆಗದಿದ್ದರೆ ಉಳಿದದ್ದೆಲ್ಲ ಆಗಿ ಏನು ಪ್ರಯೋಜನ ಎಂದಳು. ಕೇಳಿದರೆ ಅತ್ತೆ ನಕ್ಕು ಮಾತು ತೇಲಿಸುತ್ತಾರಂತೆ. ನಾನೂ ನಕ್ಕೆ, ಫೋಟೋ ತೆಗೆಯುವವರ ಸ್ವಭಾವವೇ ಹಾಗೆ ಎಂದೆ.

ಮುದ್ರಣ ಹೇಗಿದೆಯೋ ನೋಡೋಣವೆಂದು ಮಾಲಿನ ಊಟದಂಗಳದಲ್ಲಿ ಎರಡು ಮೇಜು ಕೂಡಿಸಿ ಸುರುಳಿಯನ್ನು ಬಿಚ್ಚಿದೆವು. ಉಗುರಿನಷ್ಟಿದ್ದ ಮುಖಗಳು ಅಂಗೈಯಗಲಕ್ಕೆ ಬೆಳೆದು ನಮ್ಮನ್ನು ನೋಡತೊಡಗಿದವು. ಯಜಮಾನರ ಪೇಟದ ನೂಲಿನ ಎಳೆ ಕಂಡಿತು, ಪತ್ನಿಯ ಮೂಗುತಿಯ ಕಲ್ಲು ಕಂಡಿತು. ನಾನು ಕಿಟಕಿಯನ್ನು ಹೊಗಳುತ್ತ ಭಾಷಣದ ತಾಲೀಮನ್ನು ಅಲ್ಲಿಯೇ ಆರಂಭಿಸಿದ್ದೆ. ಅನನ್ಯ ಬಗ್ಗಿ, ಕುರ್ಚಿಯ ಮೇಲಂಚಿನಲ್ಲಿ ಬೆರಳಿಟ್ಟಳು.

“ವಿಮಲಾ ಆಂಟಿ, ಹೂಸ್ ಹ್ಯಾಂಡ್ ಈಸ್ ದಿಸ್?”

ಕೆತ್ತನೆ ಎಂದೆ. ಇಷ್ಟು ವರ್ಷ ನಾವೆಲ್ಲ ಹಾಗೆಂದೇ ತಿಳಿದಿದ್ದೆವು, ಆ ಚಿಕ್ಕ ಚಿತ್ರದಲ್ಲಿ ಅದು ಕುರ್ಚಿಯ ಬೆನ್ನಿನ ಮೇಲೆ ಹಬ್ಬಿದ ಎಲೆಬಳ್ಳಿಯ ತುದಿಯಂತೆಯೇ ಕಾಣುತ್ತಿತ್ತು. ಈಗ ಹಾಗೆ ಕಾಣಲಿಲ್ಲ. ಅವು ನಾಲ್ಕು ಬೆರಳುಗಳು. ಒಂದರಲ್ಲಿ ಉಂಗುರವಿತ್ತು. ತುಂಬ ಎಳೆಯ ಬೆರಳುಗಳು, ಕುರ್ಚಿಯನ್ನು ತುಸು ಬಿಗಿಯಾಗಿಯೇ ಹಿಡಿದುಕೊಂಡಿದ್ದವು. ಕ್ಯಾಮೆರಾದ ಮುಂದೆ ಅಲುಗಾಡಬಾರದೆಂದು ಯಾರೋ ಹೇಳಿರಬೇಕು. ಬೆರಳುಗಳ ಹಿಂದೆ ಅಂಗೈಯಿರಲಿಲ್ಲ, ತೋಳಿರಲಿಲ್ಲ. ನೇರ ಕಿಟಕಿಯ ಕೆಳಗಿನ ಚೌಕಟ್ಟು, ಅದರ ಮೇಲೆ ನದಿ. ಹತ್ತಿರದಿಂದ ನೋಡಿದರೆ ನದಿಯಲ್ಲಿ ಕುಂಚದ ಗೆರೆಗಳು ಸ್ಪಷ್ಟವಾಗಿದ್ದವು. ಹಿನ್ನೆಲೆಯ ಪರದೆಯಲ್ಲಿ ಬರೆದ ಕಿಟಕಿಯಲ್ಲ ಅದು. ಫೋಟೋ ಆದ ಮೇಲೆ, ಫೋಟೋದ ಮೇಲೆ, ಅಲ್ಲಿ ನಿಂತಿದ್ದ ಒಂದು ಜೀವದ ಮೇಲೆ ಬರೆದದ್ದು.

ನಮ್ಮ ಸುತ್ತ ಜನ ಕರಿದ ಆಲೂಗಡ್ಡೆ ತಿನ್ನುತ್ತ, ಮಕ್ಕಳನ್ನು ಗದರುತ್ತ ಓಡಾಡುತ್ತಿದ್ದರು. ಯಾರೋ ಕಿಟಕಿಯ ಆಚೆಯಿಂದ ಒಳಕ್ಕೆ ಬರಲು ಅಂಚನ್ನು ಹಿಡಿದುಕೊಂಡಿದ್ದಾರೆ, ನಾನು ಈಚೆಗೆ ನಿಂತು ನದಿಯ ಸೌಂದರ್ಯವನ್ನು ವರ್ಣಿಸುತ್ತಿದ್ದೇನೆ ಎನ್ನಿಸಿತು. ಸುರುಳಿಯನ್ನು ಸುತ್ತಿಕೊಂಡು, ಕೊಳ್ಳಬೇಕಾದದ್ದನ್ನು ಕೊಳ್ಳದೆ, ಇಸ್ಸಾಕ್ವಾಕ್ಕೆ ಹಿಂದಿರುಗಿದೆವು.

ಸುಮಿತ್ರಕ್ಕ ಊಟದ ಮೇಜಿನ ಬಳಿ ಅವರೆಕಾಳು ಇದುಕುತ್ತ ಕುಳಿತಿದ್ದರು. ಇಲ್ಲಿ ಸಿಗುವ ಶೀತಲಪೆಟ್ಟಿಗೆಯ ಅವರೆ; ಅದನ್ನೂ ಅವರು ಊರಿನ ಸೊಗಡಿನ ಅವರೆಯೆಂಬಂತೆಯೇ ಮರ್ಯಾದೆಯಿಂದ ಇದುಕುತ್ತಾರೆ. ಬಿಚ್ಚಿದ ಚಿತ್ರವನ್ನು ಕನ್ನಡಕದ ಮೇಲಿನಿಂದ ಒಮ್ಮೆ ನೋಡಿದರು. ಬೆರಳುಗಳನ್ನು ತೋರಿಸಿದಾಗ ಅವರ ಮುಖದಲ್ಲಿ ಆಶ್ಚರ್ಯ ಮೂಡಲಿಲ್ಲ. ನನ್ನ ಎರಡನೆಯ ಆಘಾತ ಅದು.

“ಗೊತ್ತು. ನಂಜಮ್ಮ ಅಂತ,” ಎಂದರು. “ನಮ್ಮಜ್ಜಿ ಹೇಳ್ತಿದ್ರು.”

ಕಾಳು ಇದುಕುತ್ತಲೇ ಹೇಳಿದ್ದನ್ನು ನಾನು ಕೂಡಿಸಿ ಹೇಳುತ್ತೇನೆ. ನಂಜಮ್ಮ ಯಜಮಾನರ ಒಬ್ಬಳೇ ಮಗಳು. ಮದುವೆಯಾಗಿತ್ತು, ಇನ್ನೂ ಗಂಡನ ಮನೆಗೆ ಹೋಗಿರಲಿಲ್ಲ. ಹೂ ಮುಡಿದು, ಬಳೆ ತೊಟ್ಟು, ತಾಯಿಯ ಕುರ್ಚಿ ಹಿಡಿದು ನಿಂತಿದ್ದಳು. ಚಿತ್ರ ಮನೆಗೆ ಬಂದ ಮರುವರ್ಷ ಅವಳನ್ನು ಮದುವೆಯಾದ ಹುಡುಗ ಕಾಲರಾದಲ್ಲಿ ಸತ್ತ. ಹುಡುಗಿಯನ್ನು ಮಡಿ ಮಾಡಿದರು. ಆಮೇಲೆ ಹಜಾರದ ಗೋಡೆಯ ಮೇಲೆ ಹೂಮುಡಿದ ನಂಜಮ್ಮ, ಗೋಡೆಯ ಕೆಳಗೆ ತಲೆಬೋಳಿಸಿದ ನಂಜಮ್ಮ. ಹಬ್ಬಕ್ಕೆ ಬಂದ ಮುತ್ತೈದೆಯರು ಅತ್ತ ನೋಡಿ ಇತ್ತ ನೋಡಿ ಮಾತು ನಿಲ್ಲಿಸುತ್ತಿದ್ದರು. ತಂದೆ ಚಿತ್ರವನ್ನು ಸ್ಟುಡಿಯೋಗೆ ಹೊತ್ತುಕೊಂಡು ಹೋದರು. ಕುಂಚದಿಂದ ತಿದ್ದುವುದು ಅಂದಿನ ಸ್ಟುಡಿಯೋಗಳಲ್ಲಿ ದಿನನಿತ್ಯದ ಕೆಲಸ. ಅಲ್ಲಿ ಏನು ಬರೆಯಲಿ ಎಂದು ಕಲಾವಿದ ಕೇಳಿದನಂತೆ. ಏನಾದರೂ ಚೆನ್ನಾಗಿರುವುದನ್ನು ಬರೆ ಎಂದರಂತೆ.

ನಾನು ಆ ತಂದೆಯನ್ನು ಕುರಿತು ಒಂದು ಕಟುವಾದ ಮಾತು ಆಡಿದೆ. ಸುಮಿತ್ರಕ್ಕ ತಲೆಯಾಡಿಸಿದರು. “ಅಳ್ತಾನೇ ಬರೆಸಿದ್ರಂತೆ ಕಣಮ್ಮ. ಮಗಳನ್ನ ಆ ಥರ ನೋಡೋಕೆ ಆಗ್ತಿರ್ಲಿಲ್ವಂತೆ ಅವ್ರಿಗೆ. ಅವಳು ಆಮೇಲೂ ಎಷ್ಟೋ ವರ್ಷ ಅದೇ ಮನೇಲಿದ್ಲು. ಆ ಫೋಟೋ ಧೂಳು ಒರೆಸ್ತಿದ್ದೋಳೂ ಅವಳೇ.” ಆಮೇಲೆ ಚಿತ್ರವನ್ನು ಸ್ವಲ್ಪ ಬೆಳಕಿಗೆ ಸರಿಸಿ, ಗಣಿತದ ಮೇಡಂ ಉತ್ತರಪತ್ರಿಕೆ ನೋಡುವ ಹಾಗೆ ನೋಡಿ, “ಕಿಟಕಿ ಮಾತ್ರ ಚೆನ್ನಾಗಿ ಬರೆದಿದಾನೆ, ಅಲ್ವಾ?” ಎಂದರು.

ಕ್ರೌರ್ಯಕ್ಕೆ ಕ್ರೂರವಾದ ಮುಖವಿರುತ್ತದೆಂದು ನಂಬಿ ನಾನು ಇಷ್ಟು ವರ್ಷ ಹೋರಾಡಿದ್ದೆ. ಇಲ್ಲಿ ಕ್ರೌರ್ಯಕ್ಕೆ ಒಂದು ನದಿಯ ಮುಖವಿತ್ತು, ಅಳುವ ತಂದೆಯೊಬ್ಬನ ಮುಖವಿತ್ತು. ಒಬ್ಬಳನ್ನು ಇಲ್ಲವಾಗಿಸಬೇಕಾದಾಗ ಅಲ್ಲಿ ಗೋಡೆಯನ್ನು ಬರೆಸಬಹುದಿತ್ತು, ಬರೆಸಿದ್ದು ಕಿಟಕಿಯನ್ನು. ನೋಡಿದವರು ಅಲ್ಲೇನೋ ಕಡಿಮೆಯಾಗಿದೆ ಎನ್ನದೆ, ಅಲ್ಲೇನೋ ಹೆಚ್ಚಾಗಿ ದೊರೆತಿದೆ ಎಂದುಕೊಳ್ಳಲಿ ಎಂದು. ನೂರು ವರ್ಷಗಳಾಚೆ ನಾನು ಅದನ್ನೇ ಅಂದುಕೊಂಡೆ, ಅದಕ್ಕೊಂದು ಸ್ತ್ರೀವಿಮೋಚನೆಯ ಶೀರ್ಷಿಕೆಯನ್ನೂ ಕೊಟ್ಟೆ.

ಆದರೆ ಮೂರನೆಯ ಆಘಾತದ ಮುಂದೆ ಇವೆರಡೂ ಸಣ್ಣವು. ನನ್ನ ಪಕ್ಕದಲ್ಲಿ ನಿಂತಿದ್ದ ಅನನ್ಯ, ಮೆಲ್ಲಗೆ, ಅವಳ ಇಂಗ್ಲಿಷಿನಲ್ಲಿ ಅತ್ತೆಯನ್ನು ಕೇಳಿದಳು: ಮಾವ ಹೋದ ಮೇಲೆ ನಿಮ್ಮ ಫೋಟೋ ಯಾರಾದರೂ ತೆಗೆದಿದ್ದಾರಾ?

ಸುಮಿತ್ರಕ್ಕ ನಕ್ಕರು. “ಯಾಕೆ, ಪಾಸ್‌ಪೋರ್ಟ್‌ಗೆ ತೆಗೆದಿಲ್ವಾ? ವೀಸಾಗೂ ತೆಗೆದ್ರು. ನನ್ನ ಮುಖ ಬೇಕಾಗಿರೋದು ಎರಡು ಸರ್ಕಾರಕ್ಕೆ.”

ಗೆಳೆಯರೇ, ಆಗ ನನಗೆ ಆ ಮನೆಯ ಆಲ್ಬಂಗಳೆಲ್ಲ ಒಟ್ಟಿಗೆ ಕಣ್ಣೆದುರು ತೆರೆದುಕೊಂಡವು. ಅದು ಹವ್ಯಾಸವಲ್ಲ. ಎಂದೂ ಹವ್ಯಾಸವಾಗಿರಲಿಲ್ಲ. ಎಲ್ಲರೂ ಚಿತ್ರಕ್ಕೆ ನಿಲ್ಲುವ ಹೊತ್ತಿನಲ್ಲಿ ತಾನು ಎಲ್ಲಿ ನಿಲ್ಲಬೇಕೆಂಬ ಪ್ರಶ್ನೆ ಯಾರ ಮನಸ್ಸಿನಲ್ಲೂ ಏಳದಂತೆ, ಏಳುವ ಮೊದಲೇ, ಈಕೆ ಕ್ಯಾಮೆರಾವನ್ನು ಕೈಗೆತ್ತಿಕೊಂಡಿದ್ದರು. ಯಾರ ಶುಭಕ್ಕೂ ಅಡ್ಡ ಬಾರದೆ, ಯಾರಿಗೂ ಮುಜುಗರವಾಗದಂತೆ, ಸರ್ವರ ಶ್ಲಾಘನೆಯ ನಡುವೆ ಮಾಯವಾಗುವ ವಿದ್ಯೆ ಅದು. ನಂಜಮ್ಮನ ಮೇಲೆ ಬೇರೆಯವರು ಕಿಟಕಿಯನ್ನು ಬರೆಯಬೇಕಾಗಿತ್ತು. ಈಕೆ ತಮ್ಮ ಕಿಟಕಿಯನ್ನು ತಾವೇ ಬರೆದುಕೊಂಡಿದ್ದರು. ಅದೂ ಮೈಸೂರಿನ ಅಗ್ರಹಾರದಲ್ಲಲ್ಲ, ಹೆದ್ದಾರಿಯ ಪಕ್ಕದ ಈ ಗುಡ್ಡದ ಮೇಲೆ, ಪಾತ್ರೆ ತೊಳೆಯುವ ಯಂತ್ರ ಗುರುಗುಡುವ ಮನೆಯಲ್ಲಿ.

ನನ್ನೊಳಗಿನ ಚರ್ಚಾಪಟು ಎದ್ದು ನಿಂತಳು. ಯಾರು ಇದಕ್ಕೆ ಹೊಣೆ? ಯಾರು ಬೇಡವೆಂದರು? ಅವರನ್ನು ಹಿಡಿದು, ಅವರ ವಾದವನ್ನು ಮುರಿದು, ನಿಶ್ಚಿತಾರ್ಥದ ದಿನ ಸುಮಿತ್ರಕ್ಕನನ್ನು ನಡುಮಧ್ಯದಲ್ಲಿ ನಿಲ್ಲಿಸಿಯೇ ತೀರುತ್ತೇನೆ ಎಂದು ಹೊರಟೆ. ಮೊದಲು ಶೈಲಜಾ. ಅವಳು ಕುಪ್ಪಸಕ್ಕೆ ಗುಂಡಿ ಹಚ್ಚುತ್ತಿದ್ದವಳು ಸೂಜಿಯನ್ನು ಹಾಗೇ ಹಿಡಿದು ನನ್ನನ್ನು ದಿಟ್ಟಿಸಿದಳು. “ನಾವ್ಯಾರು ಬೇಡ ಅಂದ್ವಿ ಕಣೇ? ಅತ್ತಿಗೇಗೇ ಇಷ್ಟ ಫೋಟೋ ತೆಗೆಯೋದು,” ಎಂದಳು. ಅವಳ ಕಣ್ಣಲ್ಲಿ ಕಪಟವಿರಲಿಲ್ಲ. ರಘುನಾಥರನ್ನು ಕೇಳಿದೆ. ಅಕ್ಕ ಮೊದಲಿಂದಲೂ ಹಾಗೇ, ಹಿಂದೆ ಸರಿಯುವ ಸ್ವಭಾವ ಎಂದರು. ಹೇಳುತ್ತ ಹೇಳುತ್ತ ಅವರ ದನಿ ಇಳಿಯಿತು, ಮೊದಲಿಂದಲೂ ಎಂದರೆ ಎಂದಿನಿಂದ ಎಂದು ಅವರಿಗೇ ಲೆಕ್ಕ ಹತ್ತಿತೇನೋ. ವರನ ತಾಯಿಗೆ ಫೋನು ಮಾಡಿ ಸುತ್ತಿಬಳಸಿ ವಿಚಾರಿಸಿದೆ. ಅಯ್ಯೋ, ನಮ್ಮಲ್ಲಿ ಅಂಥದ್ದೆಲ್ಲ ಎಂತದೂ ಇಲ್ಲ, ಯಾರು ಬೇಕಾದರೂ ನಿಲ್ಲಲಿ ಎಂದರು ಆಕೆ.

ಕೊನೆಗೆ ಸುಮಿತ್ರಕ್ಕನ ಬಳಿಗೇ ಗೆಲುವಿನ ಮುಖ ಹೊತ್ತು ಹೋಗಿ, ನೋಡಿ, ಯಾರದೂ ಆಕ್ಷೇಪಣೆಯಿಲ್ಲ, ಯಾರೂ ಎಂದೂ ಬೇಡವೆಂದಿಲ್ಲ ಎಂದೆ.

“ಹೌದು,” ಎಂದರು. “ಯಾರೂ ಬೇಡ ಅಂದಿಲ್ಲ. ಯಾರೂ ಬಾ ಅಂತಲೂ ಅಂದಿಲ್ಲ.”

ನಾನು ನೂರೆಂಟು ವೇದಿಕೆಗಳಲ್ಲಿ ಎದುರಾಳಿಗಳನ್ನು ಕಂಡಿದ್ದೇನೆ. ಎದುರಾಳಿಯೇ ಇಲ್ಲದ ವೇದಿಕೆಯನ್ನು ಕಂಡದ್ದು ಅದೇ ಮೊದಲು. ಗೋಡೆಯೊಂದಿದೆ, ಅದರ ಈಚೆಗೆ ಒಬ್ಬಳು ಅರ್ಧ ಆಯುಷ್ಯ ಕಳೆದಿದ್ದಾಳೆ, ಕೈಯಿಟ್ಟು ನೋಡಿದರೆ ಅದನ್ನು ಹಿಡಿದು ನಿಲ್ಲಿಸಿದವರು ಯಾರೂ ಇಲ್ಲ. ಕೆಡವಲು ಬಂದವಳಿಗೆ ಇದಕ್ಕಿಂತ ದಿಗ್ಭ್ರಮೆ ಇನ್ನೇನಿದೆ? ಆದರೂ ಅಭ್ಯಾಸಬಲದಿಂದ ನಾನು ಮಾತಿಗೆ ಇಳಿದೆ. ಸಂಪ್ರದಾಯ, ಸಮಾನತೆ, ಮುಂದಿನ ಪೀಳಿಗೆಗೆ ನಾವು ಹಾಕಿಕೊಡಬೇಕಾದ ಮೇಲ್ಪಂಕ್ತಿ, ಎಲ್ಲವನ್ನೂ ಕ್ರಮವಾಗಿ ಹೇಳಿದೆ. ಅವರು ಪೂರ್ತಿ ಕೇಳಿದರು, ವಿದ್ಯಾರ್ಥಿನಿ ಲೆಕ್ಕ ಬಿಡಿಸುವಾಗ ಮೇಡಂ ಕೇಳುವಂತೆ.

“ಚೆನ್ನಾಗಿ ಮಾತಾಡ್ತೀಯ ವಿಮಲಾ. ಆದ್ರೆ ನಾನು ನಿನ್ನ ಪ್ರದರ್ಶನದ ಚಿತ್ರ ಅಲ್ಲ. ನನ್ನನ್ನ ಅಲ್ಲಿ ನಿಲ್ಲಿಸಿ, ನೋಡಿ ನಿಲ್ಲಿಸಿದೀವಿ ಅಂತ ಎಲ್ರೂ ನೋಡೋದಾದ್ರೆ, ನಂಗೆ ಕ್ಯಾಮೆರಾ ಹಿಂದೇನೇ ವಾಸಿ.” ಸ್ವಲ್ಪ ತಡೆದು, ನಂಜಮ್ಮನ ಚಿತ್ರವನ್ನು ಪ್ರದರ್ಶನದಲ್ಲಿ ಇಡುವುದಾದರೆ ಇಡು, ಕೆಳಗೆ ಅವಳ ಹೆಸರು ಬರೆ, ಭಾಷಣ ಬರೆಯಬೇಡ ಎಂದರು.

ನಿಶ್ಚಿತಾರ್ಥದ ದಿನ ನಮ್ಮ ಈ ಸೀಮೆಯಲ್ಲಿ ಮಾಗಿಯಲ್ಲಿ ಅಪರೂಪವಾದ ಬಿಸಿಲು ಬಂದಿತ್ತು. ಹಜಾರದ ದೊಡ್ಡ ಕಿಟಕಿಯಿಂದ ಎದುರಿನ ಬೆಟ್ಟದ ಹಿಮ ಕಣ್ಣು ಕುಕ್ಕುತ್ತಿತ್ತು. ಲಗ್ನಪತ್ರಿಕೆ ಓದಿದ್ದಾಯಿತು, ಉಂಗುರ ಬದಲಾಯಿಸಿದ್ದಾಯಿತು, ಫಲತಾಂಬೂಲವಾಯಿತು. ಗ್ರೂಪ್ ಫೋಟೋ ಎಂದು ಯಾರೋ ಅಂದದ್ದೇ ತಡ ಕುರ್ಚಿಗಳು ಸಾಲಾದವು, ಸೀರೆಗಳ ನೆರಿಗೆ ಸರಿಯಾದವು. ಸುಮಿತ್ರಕ್ಕ ಆಗಲೇ ಕ್ಯಾಮೆರಾ ಕುತ್ತಿಗೆಗೆ ಹಾಕಿಕೊಂಡು, ಎತ್ತರದವರೆಲ್ಲ ಹಿಂದೆ, ರಘು ಹೊಟ್ಟೆ ಒಳಗೆಳ್ಕೋ ಎಂದು ನಗಿಸುತ್ತಿದ್ದರು. ನಾನು ಅನನ್ಯಳನ್ನು ನೋಡಿದೆ. ಅವಳು ವಾದ ಮಾಡಲಿಲ್ಲ. ಎದ್ದು ಬಂದು ಕೈಹಿಡಿದು ಎಳೆದು ಒಂದು ದೃಶ್ಯವನ್ನೂ ಸೃಷ್ಟಿಸಲಿಲ್ಲ. ತನ್ನ ಪಕ್ಕದ ಖಾಲಿ ಕುರ್ಚಿಯ ಮೇಲಿದ್ದ ಹೂವಿನ ತಟ್ಟೆಯನ್ನು ಕೆಳಗಿಟ್ಟಳು.

“ಅತ್ತೆ, ಬಾ,” ಎಂದಳು. ಕನ್ನಡದಲ್ಲಿ.

ಸುಮಿತ್ರಕ್ಕ ಕ್ಯಾಮೆರಾದ ಹಿಂದಿನಿಂದ ಮುಖವನ್ನು ಹೊರಗೆ ತೆಗೆದರು. ತಮ್ಮನ ಕಡೆ ನೋಡಿದರು. ತಮ್ಮ ನೆಲ ನೋಡುತ್ತಿದ್ದರು, ಆಮೇಲೆ ತಲೆಯೆತ್ತಿ, “ಬಾ ಅಕ್ಕ,” ಎಂದರು. ಶೈಲಜಾ ತನ್ನ ಸೀರೆಯನ್ನು ಎಳೆದುಕೊಂಡು ದಾರಿ ಬಿಟ್ಟಳು. ಸುಮಿತ್ರಕ್ಕ ಸುತ್ತಲೂ ಕಣ್ಣಾಡಿಸಿ, ಹತ್ತಿರದಲ್ಲಿದ್ದ ನನ್ನ ಕೊರಳಿಗೆ ಕ್ಯಾಮೆರಾದ ಪಟ್ಟಿಯನ್ನು ಹಾಕಿ, ಹೋಗಿ ಕುಳಿತರು.

ನನ್ನ ಜೀವಮಾನದ ಅತ್ಯಂತ ಕಡಿಮೆ ಮಾತಿನ ಸುಧಾರಣಾಕಾರ್ಯ ಅದು, ಅದನ್ನೂ ಕೆಡಿಸಿದೆ. ಒತ್ತಿದ ಗುಂಡಿ ಸರಿಯಾಗಿಯೇ ಇತ್ತು, ಕ್ಯಾಮೆರಾದ ಪರದೆಯಲ್ಲಿ ಬಂದದ್ದು ಮಾತ್ರ ಹಿಮದ ಬೆಟ್ಟ, ಬೆಂಕಿಯಂತೆ ಉರಿಯುವ ಕಿಟಕಿ, ಅದರ ಮುಂದೆ ಒಂದು ಸಾಲು ಕರಿಯ ಆಕೃತಿಗಳು. ಮದುಮಗಳು ಯಾರು, ಅತ್ತೆ ಯಾರು, ಮುತ್ತೈದೆ ಯಾರು, ಒಂದೂ ತಿಳಿಯುವಂತಿರಲಿಲ್ಲ. ಸುಮಿತ್ರಕ್ಕ ಎದ್ದು ಬಂದು ಪರದೆಯನ್ನು ಇಣುಕಿ ನೋಡಿ ಹಣೆ ಚಚ್ಚಿಕೊಂಡರು. “ಕಿಟಕಿಗೆ ಎದುರಾಗಿ ತೆಗೆದ್ರೆ ಇನ್ನೇನಾಗತ್ತೆ? ನೀನು ಈ ಕಡೆ ಬಂದು ಕಿಟಕಿಗೆ ಬೆನ್ನು ಕೊಟ್ಟು ನಿಲ್ಲು. ನಾವೆಲ್ಲ ಬೆಳಕಿನ ಕಡೆ ತಿರುಗ್ತೀವಿ.”

ಕುರ್ಚಿಗಳು ಮತ್ತೆ ಎದ್ದವು, ತಿರುಗಿದವು, ನಗು ಗದ್ದಲವಾಯಿತು. ಆ ಗದ್ದಲದ ನಡುವೆ, ಹಜಾರ ಅಡುಗೆಮನೆಯನ್ನು ಕೂಡುವ ಮೂಲೆಯ ಸೋಫಾದಿಂದ, ತಿಳಿಬಣ್ಣದ ಸೀರೆಯ ಒಂದು ಮುದಿಜೀವ ಎದ್ದು ನಿಂತಿತು. ವರನ ಅಜ್ಜಿ. ಬೆಳಗ್ಗೆ ನಾನೇ ಅವರಿಗೆ ಕಾಫಿ ಕೊಟ್ಟು, ಪ್ರಯಾಣ ಸುಖವಾಗಿತ್ತೇ ಎಂದು ಕೇಳಿದ್ದೆ. ಗಂಡ ಹೋಗಿ ಬಹಳ ಕಾಲವಾಗಿದೆಯೆಂದು ಅವರ ಸೊಸೆ, ವರನ ತಾಯಿ, ಫೋನಿನಲ್ಲಿ ಹೇಳಿದ್ದೂ ಹೌದು. ಯಾರು ಬೇಕಾದರೂ ನಿಲ್ಲಲಿ ಎಂದು ಆಕೆ ಮನಸಾರೆ ಹೇಳಿದ್ದರು. ನಾನೂ ಮನಸಾರೆ ನಂಬಿದ್ದೆ. ಚಿತ್ರಕ್ಕೆ ಕುರ್ಚಿಗಳನ್ನು ಜೋಡಿಸಿದಾಗ ನಮ್ಮಲ್ಲಿ ಒಬ್ಬರಿಗೂ, ಸುಮಿತ್ರಕ್ಕನಿಗೂ ಕೂಡ, ಆ ಸೋಫಾದ ಕಡೆ ತಿರುಗಬೇಕೆಂದು ತೋಚಿರಲಿಲ್ಲ.

“ನಾನು ಸಹ ಬರ್ಬಹುದಾ?” ಎಂದು ಅಜ್ಜಿ ಕೇಳಿದರು. ಯಾರನ್ನು ಕೇಳಬೇಕೆಂದು ತಿಳಿಯದೆ, ಕ್ಯಾಮೆರಾ ಹಿಡಿದಿದ್ದ ನನ್ನನ್ನು ಕೇಳಿದರು.

ಪ್ರಶ್ನೆ ನನ್ನ ಮುಂದೆ ನಿಂತಿತ್ತು. ಅಪ್ಪಣೆ ಕೊಡಲು ನಾನು ಯಾರು? ಅಪ್ಪಣೆ ಬೇಕೆಂದು ಆಕೆಗೆ ಅನ್ನಿಸುವಂತೆ ಮಾಡಿದವರು ಯಾರು? ವರನ ತಾಯಿ ಬಾಯಿಗೆ ಸೆರಗು ಒತ್ತಿ ನಿಂತುಬಿಟ್ಟಿದ್ದರು. ಸುಮಿತ್ರಕ್ಕ ತಮ್ಮ ಕುರ್ಚಿಯಿಂದ ಎದ್ದು ಅಜ್ಜಿಯ ಕಡೆಗೆ ನಡೆದು, ತೋಳಿಗೆ ಕೈಯಿಟ್ಟು ಕರೆತಂದು ಆ ಕುರ್ಚಿಯಲ್ಲಿ ಕೂರಿಸಿ, ತಾವು ಅನನ್ಯಳ ಇನ್ನೊಂದು ಪಕ್ಕಕ್ಕೆ ಒತ್ತಿಕೊಂಡು ನಿಂತರು. ಬಿಸಿಲು ಎಲ್ಲರ ಮುಖದ ಮೇಲೂ ಇತ್ತು. ನಾನು ಗುಂಡಿ ಒತ್ತಿದೆ. ಪರದೆಯಲ್ಲಿ ಎಲ್ಲವೂ ಕಲಸಿಹೋಗಿತ್ತು.

“ಕ್ಯಾಮೆರಾ ಅಲುಗಿಸಿಬಿಟ್ಯಲ್ಲೇ,” ಎಂದರು ಸುಮಿತ್ರಕ್ಕ. “ಪರ್ವಾಗಿಲ್ಲ. ಇನ್ನೊಂದು ತೆಗಿ. ಉಸಿರು ಹಿಡ್ಕೊಂಡು ಒತ್ತು.”

ಯಾರೂ ಜಾಗ ಬಿಟ್ಟು ಕದಲಲಿಲ್ಲ. ನಾನು ಉಸಿರು ಹಿಡಿದೆ.